ಬೋಟು ನೀರಿಗೆ ಇಳಿಯುತ್ತಾ, ಇಲ್ವಾ?

ನಮ್ಮ ಮನೆ ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಟಗ್ ಬೋಟ್ ಇದೆ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತರುವ ಆ ಗುಜ್ಜಾರಿ ಬೋಟಿನ ಮಾದರಿ, 83 ಸೆಂಟಿಮೀಟರ್ ಉದ್ದ. ಮನೆಗೆ ಬಂದವರು "ಎಲ್ಲಿ ತಗೊಂಡ್ರಿ?" ಅಂತ ಕೇಳುತ್ತಾರೆ. ನಾನೇ ಮಾಡಿದ್ದು ಅಂದರೆ ಹೆಚ್ಚಿನವರು ಒಂದು ಸಲ ಮುಟ್ಟಿ ನೋಡಿ ಕಾಫಿ ಕಡೆ ತಿರುಗುತ್ತಾರೆ. ಅಪರೂಪಕ್ಕೆ ಒಬ್ಬರ ತಲೆಯಲ್ಲಿ ಹುಳ ಹೊಕ್ಕುತ್ತದೆ. ವಾರ ಬಿಟ್ಟು ಅವರ ಫೋನ್ ಬರುತ್ತದೆ. "ಸರ್, ನಾನೂ ಶುರು ಮಾಡ್ಬೇಕು. ಯಾವ ಮ್ಯಾಗಜೀನ್ ತರಿಸ್ಲಿ?"

ವಿಡಿಯೋ ಇರುವಾಗ ಮ್ಯಾಗಜೀನ್ ಯಾಕೆ ಅಂತ ಯಾರೂ ಕೇಳೋದಿಲ್ಲ, ನಾನೇ ಹೇಳುತ್ತೇನೆ. ಅಂಟು ಹಚ್ಚೋದು, ಹಲಗೆ ಬಗ್ಗಿಸೋದು ವಿಡಿಯೋದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅಳತೆ ಪಟ್ಟಿ ಇಟ್ಟು ನೋಡೋಕೆ ಒಂದು ಪ್ಲಾನ್ ಬೇಕು. ಅದು ಕಾಗದದ ಮೇಲೇ ಇರಬೇಕು.

ಯಾವುದು ತರಿಸಲಿ ಅಂದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಬೋಟು ನೀರಿಗೆ ಇಳಿಯುತ್ತಾ, ಇಲ್ವಾ? ಇದು ಕೆಲವರಿಗೆ ಉಡಾಫೆ ಅನಿಸುತ್ತದೆ. ಆದರೆ ಈ ಹವ್ಯಾಸದಲ್ಲಿ ಎರಡು ಜಾತಿ ಇವೆ. ಒಬ್ಬರು ಕೆರೆಯಲ್ಲಿ ಓಡಿಸುವವರು, ಇನ್ನೊಬ್ಬರು ಗಾಜಿನ ಪೆಟ್ಟಿಗೆಯಲ್ಲಿ ಇಡುವವರು. ಇಬ್ಬರೂ ಮರ ಕೊಯ್ಯುತ್ತಾರೆ, ಇಬ್ಬರ ಬೆರಳಿಗೂ ಅಂಟು ಮೆತ್ತಿರುತ್ತದೆ, ಆದರೆ ಓದುವ ಪುಸ್ತಕ ಬೇರೆ.

ನೀರಿಗೆ ಇಳಿಸುವವರಾದರೆ ಇಂಗ್ಲೆಂಡಿನ 'ಮಾಡೆಲ್ ಬೋಟ್ಸ್' ತರಿಸಿ, ಮುಗೀತು. ಅದರ ಬೇರು 1950ರಲ್ಲಿ ಶುರುವಾದ 'ಮಾಡೆಲ್ ಮೇಕರ್' ಅನ್ನುವ ಪತ್ರಿಕೆ. ಆಗ ಅದರಲ್ಲಿ ಕಾರು, ಬೋಟು ಎಲ್ಲಾ ಕಲಸುಮೇಲೋಗರ. 1960ರ ದಶಕದ ಮಧ್ಯದಲ್ಲಿ ಬೋಟಿಗೇ ಮೀಸಲಾಯಿತು. ಅದನ್ನು ಬೆಳೆಸಿದವರಲ್ಲಿ ವಿಕ್ ಸ್ಮೀಡ್ ಮುಖ್ಯರು. ವಿಮಾನ ಮಾಡೆಲ್ ಮಾಡುವವರಿಗೆ ಈ ಹೆಸರು ಗೊತ್ತಿರುತ್ತದೆ, 'ಟಾಮ್‌ಬಾಯ್' ಅನ್ನುವ ಪುಟ್ಟ ವಿಮಾನದ ಪ್ಲಾನ್ ಅವರದೇ. ಅವರ ಬೋಟುಗಳಲ್ಲೂ ಅದೇ ಗುಣ. ಸಾಧಾರಣ ಪ್ಲೈವುಡ್, ಸಾಧಾರಣ ಗರಗಸ, ರಜೆಯಲ್ಲಿ ಕೂತರೆ ಮುಗಿಯುವ ಕೆಲಸ.

ಈ ಪತ್ರಿಕೆಯ ಜೀವ ಇರೋದು ಮಧ್ಯದಲ್ಲಿ ಮಡಚಿಟ್ಟು ಕೊಡುವ ಪ್ಲಾನ್‌ನಲ್ಲಿ. ಎಲ್ಲ ಸಂಚಿಕೆಯಲ್ಲೂ ಇರೋದಿಲ್ಲ. ಇರುವ ಸಂಚಿಕೆ ಸಿಕ್ಕರೆ ಬಿಡಬೇಡಿ. ಉಳಿದ ಪುಟಗಳಲ್ಲಿ ಯಾರದೋ ಲೈಫ್‌ಬೋಟ್ ಕಟ್ಟಿದ ಕತೆ, ಕ್ಲಬ್ಬಿನ ಸುದ್ದಿ, ಮೋಟಾರು ಬ್ಯಾಟರಿ ಪಾಠ ಇರುತ್ತವೆ. ಜಾಹೀರಾತುಗಳು ನಮಗೆ ಸುಮ್ನೆ ಹೊಟ್ಟೆ ಉರಿಸೋಕೆ.

ಮೋಟಾರಿನ ಪಾಠ ಅಂದೆ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಟಗ್‌ನ ಅಳತೆ 1:36. ಅಂದರೆ 30 ಮೀಟರಿನ ಬೋಟು 83 ಸೆಂಟಿಮೀಟರ್ ಆಗಿದೆ. ಅಸಲಿ ಬೋಟು 12 ನಾಟ್ ವೇಗದಲ್ಲಿ ಹೋಗುತ್ತೆ ಅನ್ನಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಮಾಡೆಲ್ ಎಷ್ಟು ವೇಗದಲ್ಲಿ ಹೋದರೆ ಚೆಂದ? ನಾನು 12ನ್ನು 36ರಿಂದ ಭಾಗಿಸಿ ಒಂದು ನಾಟ್‌ಗಿಂತ ಕಡಿಮೆ ಅಂತ ಕೂತಿದ್ದೆ. ಅದು ತಪ್ಪು. ವೇಗಕ್ಕೆ 36ರ ವರ್ಗಮೂಲ, ಅಂದರೆ 6ರಿಂದ ಭಾಗಿಸಬೇಕು. ಉತ್ತರ 2 ನಾಟ್. ಸೆಕೆಂಡಿಗೆ ಒಂದು ಮೀಟರ್, ನಾವು ಚೀಲ ಹಿಡಿದು ಮಾರ್ಕೆಟ್‌ಗೆ ನಡೆದು ಹೋಗುವ ವೇಗ. ಆ ವೇಗದಲ್ಲಿ ಹೋದಾಗಲೇ ಮೂತಿಯ ಮುಂದೆ ಏಳುವ ಅಲೆ ಅಸಲಿ ಬೋಟಿನ ಅಲೆಯ ಹಾಗೆ ಕಾಣೋದು. ಜಾಸ್ತಿ ಓಡಿಸಿದರೆ ಜಾತ್ರೆಯ ಆಟಿಕೆ.

ತೂಕದ ಲೆಕ್ಕ ಇನ್ನೂ ಮಜಾ. ಅದಕ್ಕೆ 36 × 36 × 36 ಗುಣಿಸಬೇಕು, 46,656 ಬರುತ್ತದೆ, ಅದರಿಂದ ಭಾಗಿಸಬೇಕು. 300 ಟನ್ನಿನ ಬೋಟಿಗೆ ಮಾಡೆಲ್ ಸುಮಾರು 6.4 ಕಿಲೋ ಇರಬೇಕು. ನಾನು ಕಟ್ಟಿದ್ದು ಬರೀ 4 ಕಿಲೋ ಚಿಲ್ಲರೆ. ಬಟ್ಟೆ ನೆನೆಸುವ ದೊಡ್ಡ ಟಬ್‌ನಲ್ಲಿ ಬಿಟ್ಟರೆ ಬಾಲ್ಯದ ಕಾಗದದ ದೋಣಿ ಹಾಗೆ ಮೇಲೇ ಕೂತು ಅಲ್ಲಾಡಿತು. ಅಜ್ಜನ ಅಂಗಡಿಯ ಹಳೇ ತಕ್ಕಡಿ ಬಟ್ಟುಗಳು ಅಟ್ಟದಲ್ಲಿದ್ದವು. ಒಂದು ಕಿಲೋದ್ದು ಮಧ್ಯಕ್ಕೆ, ಐನೂರು ಗ್ರಾಮಿನದು ಹಿಂದಕ್ಕೆ, ಇನ್ನೂರು ಗ್ರಾಮಿನವು ಎಡಕ್ಕೊಂದು ಬಲಕ್ಕೊಂದು. ಕೊನೇ ಬಟ್ಟು ಇಟ್ಟಾಗ ಬಣ್ಣದ ಗೆರೆ ಸರಿಯಾಗಿ ನೀರಿನ ಮಟ್ಟಕ್ಕೆ ಬಂದು ನಿಂತಿತು. ಬೋಟು ಭಾರ ಬಂದ ಹಸುವಿನ ಹಾಗೆ ನಿಧಾನ ಹೊರಳಿ ಸುಮ್ಮನಾಯಿತು. ಮನೆಯವಳು ಟಬ್ ಕೇಳಿದ್ದು ನನಗೆ ಕೇಳಿಸಲೇ ಇಲ್ಲ. ಆಮೇಲೆ ಅಷ್ಟೇ ತೂಕದ ಸೀಸ ತಂದು ಅಂಟಿಸಿದೆ, ಬಟ್ಟು ವಾಪಸ್ ಅಟ್ಟಕ್ಕೆ ಹೋದವು.

ಇಂಥ ಲೆಕ್ಕ 'ಮಾಡೆಲ್ ಬೋಟ್ಸ್' ಓದುಗರಿಗೆ ಉಪ್ಪು ಸಾರಿನಷ್ಟು ಮಾಮೂಲು. 'ಮೆರೀನ್ ಮಾಡೆಲಿಂಗ್ ಇಂಟರ್‌ನ್ಯಾಷನಲ್' ಅಂತ ಇನ್ನೊಂದು ಇತ್ತು, ಟ್ರಾಪ್ಲೆಟ್ ಅನ್ನುವ ಪ್ರಕಾಶನದ್ದು. ಚಿತ್ರಗಳು ಅದರಲ್ಲೇ ಚೆನ್ನಾಗಿದ್ದವು ಅಂತ ನನ್ನ ಅಭಿಪ್ರಾಯ. ಪ್ರಕಾಶನವೇ 2018ರ ಹೊತ್ತಿಗೆ ಮುಚ್ಚಿತು. ಹಳೇ ಸಂಚಿಕೆ ಸಿಕ್ಕರೆ ಸಿಕ್ಕಿತು.

ಇನ್ನು ಗಾಜಿನ ಪೆಟ್ಟಿಗೆಯವರು. ಇವರಿಗೆ ಮೋಟಾರು ಬೇಡ, ಮೊಳೆ ಬೇಕು. ಮೊಳೆ ಅಂದರೆ, 1800ರ ಸುಮಾರಿನ ಹಡಗಿನ ಡೆಕ್ಕಿನಲ್ಲಿ ಹಲಗೆಗೆ ಎಷ್ಟು ಮೊಳೆ, ಯಾವ ಸಾಲಿನಲ್ಲಿ ಹೊಡೆಯುತ್ತಿದ್ದರು ಅನ್ನುವ ಚಿಂತೆ. ಇವರಿಗೆ ಅಮೆರಿಕದ 'ನಾಟಿಕಲ್ ರಿಸರ್ಚ್ ಜರ್ನಲ್' ಸರಿ. 1948ರಲ್ಲಿ ಹುಟ್ಟಿದ ನಾಟಿಕಲ್ ರಿಸರ್ಚ್ ಗಿಲ್ಡ್ ಅದನ್ನು ಮೂರು ತಿಂಗಳಿಗೊಮ್ಮೆ ತರುತ್ತದೆ. ಗಿಲ್ಡ್‌ಗೆ ಸದಸ್ಯರಾದರೆ ಪತ್ರಿಕೆ ಬರುತ್ತದೆ. ಓದೋಕೆ ಸ್ವಲ್ಪ ಒಣ, ಅಡಿಟಿಪ್ಪಣಿ ಜಾಸ್ತಿ. ಮೊದಲ ಬೋಟು ಮಾಡುವವರ ಕೈಗೆ ಕೊಟ್ಟರೆ ಹವ್ಯಾಸವನ್ನೇ ಬಿಟ್ಟಾರು.

ನನಗೆ ಇಷ್ಟವಾದದ್ದು ಲಂಡನ್ನಿನ ಕಾನ್‌ವೇ ಪ್ರಕಾಶನದ 'ಮಾಡೆಲ್ ಶಿಪ್‌ರೈಟ್'. 1972ರಲ್ಲಿ ತ್ರೈಮಾಸಿಕವಾಗಿ ಶುರುವಾಯಿತು, ಕೊನೆಕೊನೆಗೆ ವರ್ಷಕ್ಕೊಂದು ದಪ್ಪ ಪುಸ್ತಕವಾಗಿ ಬಂದು ನಿಂತೇ ಹೋಯಿತು. ಹಡಗಿನ ಇತಿಹಾಸ ಮತ್ತು ಮರದ ಕೆಲಸ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸುತ್ತಿದ್ದರು, ಯಾವುದೂ ಹೆಚ್ಚಾಗುತ್ತಿರಲಿಲ್ಲ. ಅದರ ಹಳೇ ಸಂಚಿಕೆಗಳು ಇವತ್ತಿಗೂ ಹೊಸದರ ಹಾಗೇ ಉಪಯೋಗ. ನೀವೇನಾದರೂ 'ಟ್ರಿಂಕೋಮಲಿ' ಥರದ ಹಡಗು ಮಾಡಬೇಕು ಅಂತಿದ್ದರೆ ಈ ಎರಡರ ಹಾದಿಯೇ ಹಿಡಿಯಬೇಕು. 1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಮನೆತನದವರು ಬ್ರಿಟಿಷ್ ನೌಕಾಪಡೆಗೆ ಮಲಬಾರ್ ತೇಗದಲ್ಲಿ ಕಟ್ಟಿಕೊಟ್ಟ ಹಡಗು ಅದು. ಇಂಗ್ಲೆಂಡಿನಲ್ಲಿ ಆಗ ಓಕ್ ಮರಕ್ಕೆ ಬರ. ಇನ್ನೂರು ವರ್ಷ ದಾಟಿದ ಮೇಲೂ ಅಲ್ಲಿನ ಹಾರ್ಟಲ್‌ಪೂಲ್ ಊರಿನಲ್ಲಿ ನೀರಿನ ಮೇಲೇ ಇದೆ. ತೇಗ ಅಂದರೆ ತೇಗ.

ಮರದ ಮಾತು ಬಂತು. ಈ ಪತ್ರಿಕೆಗಳು ಪೇರ್ ಮರ, ಬಾಕ್ಸ್‌ವುಡ್ ಅಂತ ಬರೆಯುತ್ತವೆ. ಅದನ್ನು ಹುಡುಕಿಕೊಂಡು ಊರೆಲ್ಲಾ ಅಲೆಯಬೇಡಿ. ಚನ್ನಪಟ್ಟಣದ ಗೊಂಬೆ ಮಾಡುವವರು ಬಳಸುವ ಆಲೆ ಮರ ಸಾಕು. ಬಿಳಿ ಬಣ್ಣ, ಸಣ್ಣ ಎಳೆ, ಉಳಿ ಇಟ್ಟರೆ ಬೆಣ್ಣೆ. ಹಡಗಿನ ಸಣ್ಣ ರಾಟೆಗಳನ್ನು ನಾನು ಅದರಲ್ಲೇ ಕೆತ್ತುತ್ತೇನೆ.

ಜರ್ಮನ್ ಬಾರದವರಿಗೂ ಒಂದು ಜರ್ಮನ್ ಪತ್ರಿಕೆ ಹೇಳುತ್ತೇನೆ, 'ಮೊಡೆಲ್‌ವೆರ್ಫ್ಟ್'. 1977ರಿಂದ ಬಾಡೆನ್ ಬಾಡೆನ್ ಊರಿನ ಪ್ರಕಾಶನದಿಂದ ಬರುತ್ತಿದೆ. ಅವರ ಕೆಲಸದ ನೀಟು ನೋಡಿದರೆ ನಮ್ಮ ಬೋಟನ್ನು ಮಂಚದ ಕೆಳಗೆ ತಳ್ಳಬೇಕು ಅನಿಸುತ್ತದೆ. 'ರುಂಪ್ಫ್' ಅಂದರೆ ಒಡಲು, 'ಸ್ಪಾಂಟ್' ಅಂದರೆ ಒಡಲೊಳಗಿನ ಅಡ್ಡ ಚೌಕಟ್ಟು. ಇವೆರಡು ಗೊತ್ತಿದ್ದರೆ ಉಳಿದದ್ದನ್ನು ಚಿತ್ರವೇ ಹೇಳುತ್ತದೆ. ಅಳತೆ ಎಲ್ಲಾ ಮಿಲಿಮೀಟರಿನಲ್ಲಿ, ಹಳೇ ಇಂಗ್ಲಿಷ್ ಪ್ಲಾನ್‌ಗಳ ಹಾಗೆ ಇಂಚು, ಇಂಚಿನ ಹದಿನಾರನೇ ಒಂದು ಭಾಗ ಅಂತ ತಲೆ ತಿನ್ನೋದಿಲ್ಲ.

"ಹಳೇ ಸಂಚಿಕೆ ತಗೊಂಡು ಏನು ಮಾಡ್ಲಿ ಸರ್, ಎಲ್ಲಾ ಔಟ್‌ಡೇಟ್ ಅಲ್ವಾ?" ಇದು ಹಿಂದೆಯೇ ಬರುವ ಪ್ರಶ್ನೆ. ಅರ್ಧ ಹೌದು. ಬೋಟನ್ನು ದಡದಿಂದ ಓಡಿಸುವ ರೇಡಿಯೋ, ಬ್ಯಾಟರಿ ಪುಟಗಳನ್ನು ಹಾರಿಸಿ ಮುಂದೆ ಹೋಗಿ. ಆಗಿನ 27 ಮೆಗಾಹರ್ಟ್ಸ್ ಕ್ರಿಸ್ಟಲ್, ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಈಗ ಯಾರಿಗೂ ಬೇಡ. ಈಗ ಎಲ್ಲರದೂ 2.4 ಗಿಗಾಹರ್ಟ್ಸ್ ರೇಡಿಯೋ. (ಸಬ್‌ಮರೀನ್ ಮಾಡುವವರನ್ನು ಬಿಟ್ಟು. 2.4 ನೀರಿನೊಳಗೆ ಇಳಿಯೋದಿಲ್ಲ, ಹಾಗಾಗಿ ಅವರು ಇನ್ನೂ ಹಳೇ ಸೆಟ್ಟುಗಳನ್ನು ಜೋಪಾನ ಮಾಡುತ್ತಾರೆ.) ಆದರೆ ನೀರು 1965ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಅವತ್ತು ತೇಲಿದ ಒಡಲು ಇವತ್ತೂ ತೇಲುತ್ತದೆ. ಹೊಸಬರಿಗೆ ನನ್ನ ಸಲಹೆ, ಮೂರು ತಿಂಗಳು ಹೊಸ ಸಂಚಿಕೆ ಓದಿ ರುಚಿ ನೋಡಿ, ಆಮೇಲೆ ಆ ದುಡ್ಡನ್ನು ಹಳೇ ಪ್ಲಾನ್‌ಗೆ ಹಾಕಿ.

ಕಾಗದದ್ದು ತರಿಸೋದಾ, ಡಿಜಿಟಲ್ಲಾ? ಓದೋಕೆ ಡಿಜಿಟಲ್ ಸಾಕು, ಅಗ್ಗ. 'ಮಾಡೆಲ್ ಬೋಟ್ಸ್' ಪಾಕೆಟ್‌ಮ್ಯಾಗ್ಸ್ ಅನ್ನುವ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪೋಸ್ಟಿನಲ್ಲಿ ತರಿಸಿದರೆ ಸಾಗಣೆಯೇ ಪುಸ್ತಕಕ್ಕಿಂತ ದುಬಾರಿ. ಆದರೆ ಡಿಜಿಟಲ್‌ನಿಂದ ಪ್ಲಾನ್ ಪ್ರಿಂಟ್ ಹಾಕುವಾಗ ನನಗಾದದ್ದು ನಿಮಗಾಗದಿರಲಿ. ಒಂದು ಸಣ್ಣ ಮೀನುಗಾರಿಕೆ ಬೋಟಿನ ಚೌಕಟ್ಟುಗಳನ್ನು ಆಫೀಸಿನ ಪ್ರಿಂಟರಿನಲ್ಲಿ, ಡೆಕ್ಕನ್ನು ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿದ್ದೆ. ಎರಡು ವಾರ ಕೂತು ಚೌಕಟ್ಟು ಕೊಯ್ದು, ನಿಲ್ಲಿಸಿ, ಮೇಲೆ ಡೆಕ್ ಇಟ್ಟರೆ ಅಗಲದಲ್ಲಿ 8 ಮಿಲಿಮೀಟರ್ ಆಚೆ. ಮೊದಲು ನನ್ನ ಗರಗಸವನ್ನು ಬೈದೆ. ಆಮೇಲೆ ಕಾಗದದ ಮೂಲೆಯಲ್ಲಿದ್ದ ಅಳತೆ ಗೆರೆಗೆ ಪಟ್ಟಿ ಇಟ್ಟೆ. ಹತ್ತು ಸೆಂಟಿಮೀಟರ್ ಅಂತ ಬರೆದಿದ್ದ ಗೆರೆ 9.6 ಇತ್ತು. ಪುಟಕ್ಕೆ ಹೊಂದಿಸು ಅನ್ನುವ ಗುಂಡಿಗೆ ಟಿಕ್ ಬಿದ್ದಿತ್ತು. 20 ಸೆಂಟಿಮೀಟರ್ ಚೌಕಟ್ಟು 19.2 ಆಗಿತ್ತು. ಆ ಚೌಕಟ್ಟುಗಳು ಈಗ ಪುಸ್ತಕದ ಕಪಾಟಿನಲ್ಲಿ ಆನಿಕೆಯಾಗಿವೆ.

ಇಷ್ಟೆಲ್ಲಾ ಪತ್ರಿಕೆ ಹೇಳಿದೆನಲ್ಲ, ಒಂದರಲ್ಲೂ ನನಗೆ ಬೇಕಾದ ದೋಣಿ ಸಿಗಲಿಲ್ಲ. ನಮ್ಮ ಕರಾವಳಿಯ ಮರದ ದೋಣಿ. ಹಲಗೆಗಳಿಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟುತ್ತಿದ್ದ ದೋಣಿ, ಮೊಳೆಯೇ ಇಲ್ಲ. ಪ್ಲಾನ್ ಇಲ್ಲದಿದ್ದರೆ ಅಳತೆ ನೀವೇ ತೆಗೀರಿ, ಅದನ್ನು ಹೇಗೆ ಮಾಡಬೇಕು ಅಂತ ಮಾತ್ರ ಆ ಪತ್ರಿಕೆಗಳೇ ಕಲಿಸಿದ್ದವು. ದೋಣಿಯ ನಡುವಿಗೆ ಉದ್ದಕ್ಕೆ ಒಂದು ದಾರ ಬಿಗಿಯಬೇಕು. ಅಡಿಗೊಂದು ಗುರುತು. ಪ್ರತಿ ಗುರುತಿನಲ್ಲೂ ಗಾರೆಯವರ ತೂಗುಗುಂಡು ಇಳಿಬಿಟ್ಟು, ನಡುವಿನಿಂದ ಹಲಗೆಗೆ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅಂತ ಬರೆಯಬೇಕು. ಒಂದೇ ಬದಿ ತೆಗೆದರೆ ಸಾಕು, ಇನ್ನೊಂದು ಬದಿ ಕನ್ನಡಿಯಲ್ಲಿ ನೋಡಿದ ಹಾಗೆ. ಹಡಗಿನ ಪ್ಲಾನ್‌ಗಳಲ್ಲಿ ಅರ್ಧ ಒಡಲನ್ನೇ ಬರೆಯುವುದು ಅದಕ್ಕೇ.

ಗಂಗೊಳ್ಳಿಯಲ್ಲಿ ದಡಕ್ಕೆ ಎಳೆದು ಹಾಕಿದ್ದ ಒಂದು ಹಳೇ ದೋಣಿಗೆ ಹೀಗೆ ದಾರ ಕಟ್ಟಿಕೊಂಡು ನಿಂತಿದ್ದೆ. ಬಲೆ ಬಿಡಿಸುತ್ತಿದ್ದ ಅಜ್ಜರೊಬ್ಬರು ಸುಮಾರು ಹೊತ್ತು ನೋಡಿದರು. "ಎಂತ ಮರಾಯ್ರೆ, ದೋಣಿಗ್ ಅಂಗಿ ಹೊಲ್ಸ್ತ್ರಿಯಾ?" ಅಂದರು. ನಕ್ಕು ವಿಷಯ ಹೇಳಿದೆ. ಎದ್ದು ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. ಎಡಬದಿ ಮುಗಿಸಿ ನಾನು ದಾರ ಸುತ್ತೋಕೆ ಶುರು ಮಾಡಿದೆ.

"ಒಂದೇ ಬದಿ ಸಾಕಾ? ಆ ಬದಿ ಬೇರೆ ಇತ್ತ್."

ಕುಂದಾಪುರದ ಕಡೆ ಇತ್ತ್ ಅಂದರೆ ಇದೆ. ಅಳೆದು ನೋಡಿದೆ. ಹೊಟ್ಟೆಯ ಹತ್ತಿರ ಬಲಬದಿ ಒಂದೂವರೆ ಇಂಚು ಜಾಸ್ತಿ ಉಬ್ಬಿತ್ತು. ಕಟ್ಟಿದವರು ಕಾಗದ ಇಟ್ಟುಕೊಂಡು ಕಟ್ಟಿದ್ದಲ್ಲ, ಕಣ್ಣಳತೆ. ಹಲಗೆ ಹೇಗೆ ಬಗ್ಗಿತೋ ಹಾಗೆ. ದಾರ ಮತ್ತೆ ಬಿಚ್ಚಿ, ಆ ಬದಿಯನ್ನೂ ಮೊದಲಿಂದ ಬರೆದುಕೊಂಡೆ. ಕತ್ತಲಾಗುವವರೆಗೆ ಅಜ್ಜರು ಟೇಪ್ ಬಿಡಲಿಲ್ಲ.

ಆ ಪ್ಲಾನ್ ಈಗ 1:12 ಅಳತೆಯಲ್ಲಿ ಮುಗಿದಿದೆ, ಎಡ ಬಲ ಬೇರೆ ಬೇರೆ ಬರೆದಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ. ಪ್ರಿಂಟ್ ಹಾಕುವ ಮೊದಲು ಆ ಟಿಕ್ ತೆಗೀರಿ.