ಮಳೆಯನ್ನ ತೂಕಕ್ಕಿಟ್ಟ ಕಥೆ

ಜುಲೈ 17, 2025, ಗುರುವಾರ
ಕುಶಾಲನಗರ

ಬೆಳಿಗ್ಗೆ ಸುಂಟಿಕೊಪ್ಪದಲ್ಲಿ ಬಸ್ ಹತ್ತೋಷ್ಟರಲ್ಲೇ ಅರ್ಧ ನೆಂದಿದ್ದೆ. ಕೂಡ್ಲೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ಬಂದು ಕೊಡೆ ಮಡಚ್ತಿದ್ದ ಹಾಗೇ ಓನರ್ ಕೇಳಿದ್ರು, "ಏನಮ್ಮ, ನಿನ್ನೆದೂ ಫೇಲಾ?" ಹೌದು ಸಾರ್, ಫೇಲೇ. ಪೀಸಿನ ಮೇಲೆ ಉಳಿದಿರೋ ಕೊಳೆಗೆ ಲಿಮಿಟ್ 3 ಮಿಲಿಗ್ರಾಂ, ಬಂದಿದ್ದು 4.6.

ವಿಷಯ ಏನಂದ್ರೆ, ನಾವು ಹೈಡ್ರಾಲಿಕ್ ವಾಲ್ವ್ ಬಾಡಿ, ಅಂದ್ರೆ ಪ್ರೆಶರ್ ಎಣ್ಣೆಯ ದಾರಿ ತೆರೆದು ಮುಚ್ಚೋ ವಾಲ್ವಿನ ಲೋಹದ ಒಡಲು, ಮಾಡ್ತೀವಿ, ಅದರ ಡ್ರಾಯಿಂಗ್‌ನಲ್ಲಿ ಇಷ್ಟು ವರ್ಷ ಇದ್ದಿದ್ದು ಒಂದೇ ಸಾಲು, ಬರ್ (ಕೊರೆದಾಗ ಅಂಚಲ್ಲಿ ಉಳಿಯೋ ಲೋಹದ ಚೂರು) ಇರಬಾರದು, ಕ್ಲೀನ್ ಆಗಿರಬೇಕು ಅಂತ. ಎಷ್ಟು ಕ್ಲೀನ್? ಏರ್ ಗನ್ ಹೊಡೆದು ಬನಿಯನ್ ವೇಸ್ಟಲ್ಲಿ ಒರೆಸಿದ್ರೆ ನಮ್ಮ ಪ್ರಕಾರ ಕ್ಲೀನು. ನಮ್ಮೂರಲ್ಲಿ ಕಾಫಿ ಬೀಜವನ್ನೇ ಯಾರೂ "ದಪ್ಪ ಇದೆ" ಅಂತ ಬಾಯಲ್ಲಿ ಹೇಳಿ ಮಾರಲ್ಲ, 7.1 ಎಂಎಂ ಜರಡಿ ಮೇಲೆ ನಿಂತ್ರೇನೇ ಪ್ಲಾಂಟೇಷನ್ ಎಎ ಗ್ರೇಡ್. ಈಗ ಕಸ್ಟಮರ್‌ಗೂ ಬುದ್ಧಿ ಬಂದಿದೆ, ಹೊಸ ಡ್ರಾಯಿಂಗ್‌ನಲ್ಲಿ ಪೀಸಿಗೆ 3 ಮಿಲಿಗ್ರಾಂ, 400 ಮೈಕ್ರಾನ್‌ಗಿಂತ (0.4 ಎಂಎಂ) ದೊಡ್ಡ ಕಣ ಒಂದೂ ಇರಬಾರದು ಅಂತ ಬರೆದು ಪಕ್ಕದಲ್ಲಿ ಐಎಸ್ಒ 16232 (ವಾಹನದ ಭಾಗಗಳು ಎಷ್ಟು ಕ್ಲೀನ್ ಅಂತ ಅಳೆಯೋ ಸ್ಟ್ಯಾಂಡರ್ಡ್) ಅಂತ ಹಾಕಿದ್ದಾರೆ. ಸಂತೋಷ. ಆದ್ರೆ ಯಾವ ಸಾಲ್ವೆಂಟು, ಎಷ್ಟು ಲೀಟರು, ಎಷ್ಟು ಪ್ರೆಶರು, ಒಳಗಿನ ಹೋಲ್ ಮಾತ್ರಾನಾ ಹೊರಮೈನೂ ಸೇರಿಸ್ಬೇಕಾ, ಒಂದಕ್ಕೂ ಉತ್ತರ ಇಲ್ಲ. ತೊಳೆಯೋ ರೀತಿ ಬದಲಾದ್ರೆ ಬರೋ ಕೊಳೆನೂ ಬದಲಾಗುತ್ತಲ್ವಾ!

ಟೆಸ್ಟ್ ಮಾಡೋದು ಹೀಗೆ. ಪೀಸನ್ನ ಸಾಲ್ವೆಂಟಲ್ಲಿ ತೊಳೆದು, ಆ ಸಾಲ್ವೆಂಟನ್ನ 47 ಎಂಎಂ ಅಗಲದ ತೆಳು ಫಿಲ್ಟರ್‌ನಲ್ಲಿ ಸೋಸಿ, ಫಿಲ್ಟರ್ ಒಣಗಿಸಿ ತೂಕ ಹಾಕೋದು, ಮೊದಲಿನ ತೂಕ ಕಳೆದ್ರೆ ಉಳಿಯೋದೇ ಕೊಳೆ. ಆಮೇಲೆ ಅದೇ ಫಿಲ್ಟರನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ಕಣ ಅಳೆಯೋದು.

ಇವತ್ತು ತಲೆ ಕೆಟ್ಟು ಪೀಸನ್ನೇ ಇಡದೆ ಖಾಲಿ ರನ್ ಮಾಡ್ದೆ, ಅಂದ್ರೆ ಬ್ಲಾಂಕ್. ಅಷ್ಟೇ ಸಾಲ್ವೆಂಟು, ಅದೇ ಟ್ರೇ, ಅದೇ ಫನೆಲ್. ಲಿಮಿಟ್‌ನ ಹತ್ತು ಪರ್ಸೆಂಟ್ ಒಳಗೆ, ಅಂದ್ರೆ 0.3 ಒಳಗೆ ಬರಬೇಕು. ಬಂದಿದ್ದು 2.9! ಪೀಸೇ ಇಲ್ದೆ 2.9 ಮಿಲಿಗ್ರಾಂ ಎಲ್ಲಿಂದ ಬಂತು? ಬ್ಯಾಲೆನ್ಸ್ ಮೇಲೆ ಅನುಮಾನ ಬಂದು ಎರಡು ಸಲ ಕ್ಯಾಲಿಬ್ರೇಷನ್ ವೆಯ್ಟ್ ಇಟ್ಟು ನೋಡಿದೆ, ಸರಿಯಾಗೇ ಇತ್ತು. ಕೊನೆಗೆ ಕಣ್ಣು ಹೋಗಿದ್ದು ಡೆಸಿಕೇಟರ್ ಕಡೆ, ಅಂದ್ರೆ ಫಿಲ್ಟರ್‌ಗೆ ತೇವ ತಾಗದ ಹಾಗೆ ಇಡೋ ಮುಚ್ಚಳದ ಪಾತ್ರೆ. ತಳದಲ್ಲಿರೋ, ತೇವ ಹೀರೋ ಸಿಲಿಕಾ ಜೆಲ್ ನೀಲಿ ಇರಬೇಕಾದ್ದು ಪೂರ್ತಿ ಗುಲಾಬಿ, ಬೆಂಡು ಬತ್ತಾಸಿನ ಬಣ್ಣ. ಯಾವಾಗ್ಲೋ ನೀರು ಕುಡಿದು ಸತ್ತಿದೆ, ನಾನು ದಿನಾ ಅದರ ಮುಚ್ಚಳ ತೆಗೆದು ಹಾಕಿ ಮಾಡ್ತಿದ್ರೂ ನೋಡೇ ಇಲ್ಲ. ಫಿಲ್ಟರ್ ಸೆಲ್ಯುಲೋಸ್‌ದು, ಗಾಳಿಯ ತೇವನ ಸುಮ್ನೆ ಹೀರ್ಕೊಳ್ಳುತ್ತೆ. ಖಾಲಿ ತೂಕ ಹಾಕಿಟ್ಟಿದ್ದು ಮೇ ತಿಂಗಳಲ್ಲಿ ಜೆಲ್ ಚೆನ್ನಾಗಿದ್ದಾಗ ಒಂದೇ ಸಲ ಇಪ್ಪತ್ತು ಫಿಲ್ಟರ್‌ಗೆ, ಈಗ ತೂಗ್ತಿರೋದು ಈ ಜಡಿಮಳೆಯಲ್ಲಿ. ಮೂರು ದಿನದಿಂದ ನಾನು ತೂಗಿದ್ದು ಕೊಳೆ ಅಲ್ಲ, ಮಳೆ. ಆ ಮೂರು ದಿನ ವಾಷಿಂಗ್‌ನ ಹುಡುಗರಿಗೆ ಬೈದಿದ್ದೂ ಬೈದಿದ್ದೇ, ಮಧ್ಯಾಹ್ನ ಅವರಿಗೆ ಬಾಳೆಹಣ್ಣಿನ ಬನ್ಸ್ ತರಿಸಿಕೊಟ್ಟೆ.

ಜೆಲ್ಲನ್ನ 120 ಡಿಗ್ರಿ ಓವನ್‌ನಲ್ಲಿಟ್ಟು ನೀಲಿಗೆ ತಂದು, ಹೊಸ ಫಿಲ್ಟರ್‌ಗಳನ್ನ ಒಣಗಿಸಿ ತಣ್ಣಗಾದ್ಮೇಲೆ ಇವತ್ತೇ ಖಾಲಿ ತೂಕ ಹಾಕಿ ಮತ್ತೆ ಮೊದಲಿಂದ. ಬ್ಲಾಂಕ್ 0.2. ಪೀಸ್ 1.7. ಓನರ್ ಮುಖದಲ್ಲಿ ನಗು.

ನಾನು ನಗಲಿಲ್ಲ, ಮೈಕ್ರೋಸ್ಕೋಪ್ ಬಾಕಿ ಇತ್ತಲ್ಲ. ಮೊದಲು ಸಿಕ್ಕಿದ್ದು 700 ಮೈಕ್ರಾನಿನ ಒಂದು ಕಂದು ಚೂರು, ಹೊಳಪಿಲ್ಲ, ಅಂಚು ಹರಿದ ಕಾಗದದ ಥರ, ನೋಡಿದ ತಕ್ಷಣ ಗೊತ್ತಾಯ್ತು ಕಾಫಿ ಹೊಟ್ಟು! ಪಕ್ಕದಲ್ಲೇ ಕಾಫಿಯ ಹೊಟ್ಟು ತೆಗೆಯೋ ಕ್ಯೂರಿಂಗ್ ವರ್ಕ್ಸ್, ಕಿಟಕಿ ಸಂದಿಯಿಂದ ಬಂದಿದೆ. ಅದಕ್ಕೆ ನಾನು ಜವಾಬ್ದಾರಿನಾ? ಲೋಹ ಅಲ್ಲದ ಕಣಾನೂ ಲೆಕ್ಕಕ್ಕೆ ಹಿಡೀಬೇಕಾ ಅಂತ ಡ್ರಾಯಿಂಗ್‌ನಲ್ಲಿ ಹೇಳಿಲ್ಲ. ಬನಿಯನ್ ವೇಸ್ಟಿನ ನೂಲೆಳೆ ಏಳೆಂಟು, ಅವನ್ನ ಫೈಬರ್ ಅಂತ ಬೇರೆ ಕಾಲಮ್ಮಿಗೆ ಹಾಕಿದೆ, ನಾಳೆಯಿಂದ ಆ ವೇಸ್ಟ್ ಪೀಸ್ ಹತ್ರ ಬರಕೂಡದು.

ಆದ್ರೆ ಫಿಲ್ಟರಿನ ಅಂಚಲ್ಲಿ ಇನ್ನೊಂದು ಇತ್ತು. ಲೈಟ್ ತಿರುಗಿಸಿದ್ರೆ ಫಳ್ ಅನ್ನುತ್ತೆ, ಸ್ವಲ್ಪ ಸುರುಳಿ ಸುತ್ತಿದೆ, ಉದ್ದ 430 ಮೈಕ್ರಾನ್. ಇದಕ್ಕೆ ಮಳೆನೂ ಕಾರಣ ಅಲ್ಲ, ಕಾಫಿನೂ ಅಲ್ಲ. ಎರಡು ಡ್ರಿಲ್ ಹೋಲ್ ಒಳಗೆ ಸೇರೋ ಜಾಗದಲ್ಲಿ ಉಳಿಯೋ ಬರ್, ಎಣ್ಣೆ ಪ್ರೆಶರ್‌ಗೆ ಕಿತ್ತು ಹೋಗಿ ಸ್ಪೂಲ್ (ವಾಲ್ವ್ ಒಳಗೆ ಹಿಂದೆ ಮುಂದೆ ಜಾರೋ ಕಡ್ಡಿ) ಸಂದಿಗೆ ಸಿಕ್ಕಿದ್ರೆ ವಾಲ್ವ್ ಜಾಮ್. ತೂಕದಲ್ಲಿ ಇದು ಏನೂ ಇಲ್ಲ, ಬ್ಯಾಲೆನ್ಸ್‌ಗೆ ಗೊತ್ತೇ ಆಗಲ್ಲ.

ಹೋಲ್ ಕೊರೆಯೋ ವಿಎಂಸಿ ಮೆಷಿನ್ ಆಪರೇಟರ್ ಅಣ್ಣನ್ನ ಕರೆದು ತೋರಿಸಿದೆ. ಕಣ್ಣಿಟ್ಟು ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು, "ಬರ್ ತೆಗೆಯೋ ಬ್ರಷ್ ಸವೆದಿದೆ ಅಕ್ಕ, ನಾಳೆ ಹೊಸದು ಹಾಕ್ತೀನಿ" ಅಂದ್ರು. ಲಾಟ್ ಹೋಲ್ಡ್ ಮಾಡಿ ಕೆಂಪು ಟ್ಯಾಗ್ ಕಟ್ಟಿದೆ. ಕಸ್ಟಮರ್‌ಗೆ ಪ್ರಶ್ನೆಗಳನ್ನೆಲ್ಲ ಮೇಲ್ ಹಾಕಿ ಹೊರಗೆ ಬಂದ್ರೆ ಆರೂವರೆ ಬಸ್ಸು ಹೋಗಿತ್ತು.