ಎಎಂಟಿಗೆ ಮೀಸೆ, ಗಡ್ಡ: 15 ಕಿಲೋಹರ್ಟ್ಸ್ ಕೊನೆಗೂ ಹತೋಟಿಗೆ

ಮನೆಯಲ್ಲೇ ಕಟ್ಟುತ್ತಿರುವ ಸ್ಪೀಕರ್ ಜೋಡಿಗೆ ಎಎಂಟಿ (ಏರ್ ಮೋಷನ್ ಟ್ರಾನ್ಸ್‌ಫಾರ್ಮರ್: ಮಡಿಕೆ ಮಡಿಕೆಯಾದ ತೆಳು ಪೊರೆ ಗಾಳಿಯನ್ನು ಹಿಂಡಿ ಸದ್ದು ಮಾಡುವ ಟ್ವೀಟರ್) ಹಾಕಿದಾಗ ಅಂಟಿದ, ನೆಟ್ಟಗೆ ಕೂತರೆ ಒಂದು ದನಿ, ಒರಗಿ ಕೂತರೆ ಇನ್ನೊಂದು ದನಿ ಅನ್ನುವ ಕಾಯಿಲೆ ವಾಸಿಯಾಗಿದೆ. ಔಷಧಿ ಇಷ್ಟೇ: ಒಂದೊಂದು ಪೆಟ್ಟಿಗೆಗೆ ಎರಡು ತುಂಡು ಉಣ್ಣೆಯ ಫೆಲ್ಟ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ರೋಗ ಯಾವುದು ಅಂತ ಪತ್ತೆ ಹಚ್ಚುವುದೇ ದೊಡ್ಡ ಕೆಲಸವಾಯಿತು.

ಪೆಟ್ಟಿಗೆ, ಬ್ರೇಸಿಂಗ್, ಪೋರ್ಟ್ ಬಗ್ಗೆ ಹೊಸದೇನೂ ಇಲ್ಲ. ಆರೂವರೆ ಇಂಚಿನ ವೂಫರ್, ಟೂ ವೇ, ನಾಲ್ಕನೇ ಆರ್ಡರ್ ಲಿಂಕ್ವಿಟ್ಜ್-ರೈಲಿ ಕ್ರಾಸ್‌ಓವರ್ (ಕೆಳಗಿನ ಆವರ್ತನವನ್ನು ವೂಫರ್‌ಗೆ, ಮೇಲಿನದ್ದನ್ನು ಟ್ವೀಟರ್‌ಗೆ ಹಂಚುವ ಫಿಲ್ಟರ್). ಜಗಳ ಇದ್ದದ್ದು ಟ್ವೀಟರ್‌ನದು. ಕಣದಲ್ಲಿ ಎರಡು ಎಎಂಟಿ, ಎರಡೂ 4 ಓಮ್, ಎರಡರ ಅಗಲವೂ 25 ಮಿ.ಮೀ. ಗಿಡ್ಡದರ ಪೊರೆ 60 ಮಿ.ಮೀ ಎತ್ತರ, ಉದ್ದದ್ದು 130. ಡೇಟಾಶೀಟ್ ನೋಡಿದರೆ ಎರಡೂ ಸ್ಕೇಲ್ ಇಟ್ಟು ಗೀಟು ಎಳೆದಷ್ಟು ನೇರ. ಏರಿಳಿತ ಮುಚ್ಚುವ ಸ್ಮೂದಿಂಗ್ ಅಷ್ಟು ಹಚ್ಚಿದರೆ ಯಾವ ಟ್ವೀಟರ್ ತಾನೇ ನೇರ ಕಾಣುವುದಿಲ್ಲ! ಅಡ್ಡಕ್ಕೆ 30, 60 ಡಿಗ್ರಿಯ ಗೆರೆಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಲಂಬಕ್ಕೆ ಒಂದೂ ಇಲ್ಲ. ಎಎಂಟಿ ಮಾರುವವರು ಈ ಒಂದು ಗ್ರಾಫ್ ಯಾಕೆ ಕೊಡುವುದಿಲ್ಲ ಅನ್ನುವುದು ಮುಂದಿನ ಲೆಕ್ಕ ನೋಡಿದರೆ ತಿಳಿಯುತ್ತದೆ.

ಉದ್ದದ್ದನ್ನು ಆರಿಸಿದ್ದಕ್ಕೆ ಕಾರಣ ಅದು ಹಾಡುವ ಆವರ್ತನದ ಕೆಳಗಿನ ತುದಿ. ಪೊರೆ ಎರಡು ಪಟ್ಟಿಗಿಂತ ದೊಡ್ಡದು, ಅಷ್ಟೇ ಸದ್ದಿಗೆ ಮಡಿಕೆಗಳು ಅರ್ಧಕ್ಕಿಂತ ಕಡಿಮೆ ಅಲುಗಿದರೆ ಸಾಕು. ಸ್ಟೆಪ್ಡ್ ಸೈನ್ (ಒಂದೊಂದೇ ಆವರ್ತನದ ಶುದ್ಧ ಸ್ವರ) ಹಾಕಿ ಅಳೆದಾಗ ಗಿಡ್ಡದರ ಮೂರನೇ ಹಾರ್ಮೋನಿಕ್ ವಿರೂಪ 2.5 ಕಿಲೋಹರ್ಟ್ಸ್ ಕೆಳಗೆ ಏರತೊಡಗಿತು, ಉದ್ದದ್ದು 1.6ರವರೆಗೂ ತೆಪ್ಪಗಿತ್ತು. (ಇಂಥ ಪರೀಕ್ಷೆಗೆ ಸರಣಿಯಲ್ಲಿ 20 ಮೈಕ್ರೋಫ್ಯಾರಡ್ ಇರಲೇಬೇಕು. 4 ಓಮ್‌ಗೆ ಅದು ಸುಮಾರು 2 ಕಿಲೋಹರ್ಟ್ಸ್‌ನ ಫಸ್ಟ್ ಆರ್ಡರ್ ಕಾವಲು. ಆಂಪ್ಲಿಫಯರ್ ಆನ್ ಮಾಡಿದಾಗ ಬರುವ 'ಧಡ್' ಒಂದೇ ಸಾಕು, ಮಡಿಕೆ ಕೆಡಲು.) ಹಾಗಾಗಿ ಗಿಡ್ಡದ್ದಕ್ಕೆ ಕ್ರಾಸ್‌ಓವರ್ 2.8ರಲ್ಲಿ, ಉದ್ದದ್ದಕ್ಕೆ 1.8ರಲ್ಲಿ. 2.8 ತಲುಪುವಷ್ಟರಲ್ಲಿ ಆರೂವರೆ ಇಂಚಿನ ಕೋನ್ ಟಾರ್ಚ್ ಆಗಿರುತ್ತದೆ, ಅದರ ಪಕ್ಕದಲ್ಲಿ 25 ಮಿ.ಮೀ ಅಗಲದ ಪೊರೆ ಕೋಣೆಯಿಡೀ ಚೆಲ್ಲುತ್ತಿರುತ್ತದೆ. ಎದುರು ಅಳೆದರೆ ನೇರ, ಪಕ್ಕಕ್ಕೆ ಹೋದರೆ 3ರಿಂದ 5 ಕಿಲೋಹರ್ಟ್ಸ್ ನಡುವೆ ಗುಬುಟು. ಕಿವಿಗೆ ಚುಚ್ಚುತ್ತದೆ ಅಂತ ಎಎಂಟಿಯನ್ನು ಬೈಯುವವರಲ್ಲಿ ಬಹಳಷ್ಟು ಜನ ಬೈಯಬೇಕಾದದ್ದು ಇದನ್ನು.

ಲೋಬ್ (ವೂಫರ್, ಟ್ವೀಟರ್ ಎರಡರ ಸದ್ದು ಬೆರೆತು ಲಂಬವಾಗಿ ಹರಡುವ ಕಿರಣ) ವಿಚಾರದಲ್ಲೂ ಉದ್ದದ್ದೇ ಮೇಲು, ಮೊದಲ ನೋಟಕ್ಕೆ ಇದು ತಿರುಗುಮುರುಗು ಅನ್ನಿಸಬಹುದು. ಕೇಂದ್ರದಿಂದ ಕೇಂದ್ರಕ್ಕೆ 175 ಮಿ.ಮೀ, 1.8ರಲ್ಲಿ ತರಂಗಾಂತರ 190 ಮಿ.ಮೀ. ಎರಡೂ ಸದ್ದು ಒಂದನ್ನೊಂದು ಅಳಿಸುವ ಮೊದಲ ಶೂನ್ಯ ಸುಮಾರು 33 ಡಿಗ್ರಿಯಲ್ಲಿ. ಗಿಡ್ಡದ್ದರಲ್ಲಿ ಅಂತರ 140 ಆದರೂ ತರಂಗಾಂತರ 122ಕ್ಕೆ ಇಳಿದಿರುವುದರಿಂದ ಶೂನ್ಯ 26 ಡಿಗ್ರಿಗೇ ಬರುತ್ತದೆ.

ಇನ್ನು ಎತ್ತರಕ್ಕೆ ತೆರಬೇಕಾದ ಬೆಲೆ. 15 ಕಿಲೋಹರ್ಟ್ಸ್‌ನಲ್ಲಿ ತರಂಗಾಂತರ 23 ಮಿ.ಮೀ. 130 ಮಿ.ಮೀ ಸಾಲು ಅದರ ಐದಾರು ಪಟ್ಟು. ಲಂಬವಾಗಿ 5 ಡಿಗ್ರಿ ಸರಿದರೆ 3.8 ಡಿಬಿ ಇಳಿತ, 10 ಡಿಗ್ರಿಗೆ ಸದ್ದೇ ಹೆಚ್ಚುಕಡಿಮೆ ಶೂನ್ಯ. 60 ಮಿ.ಮೀ ಪೊರೆಗೆ ಅದೇ 5 ಡಿಗ್ರಿಯಲ್ಲಿ ಮುಕ್ಕಾಲು ಡಿಬಿ ಮಾತ್ರ. ಮೂರು ಮೀಟರ್ ದೂರದಲ್ಲಿ 5 ಡಿಗ್ರಿ ಅಂದರೆ 26 ಸೆ.ಮೀ: ಬೆನ್ನು ನೆಟ್ಟಗೆ ಮಾಡಿ ಕೂರುವುದಕ್ಕೂ ಜಾರಿ ಕೂರುವುದಕ್ಕೂ ಇರುವಷ್ಟೇ ವ್ಯತ್ಯಾಸ. ಕಂಚಿನ ತಾಳದ ಗುಂಗು ಎದ್ದು ನಿಂತ ಕೂಡಲೇ ಮಾಯ.

ಇದನ್ನು ಅಳೆಯುವಾಗ ಇನ್ನೊಂದು ಬಲೆ ಇದೆ. ಗುಮ್ಮಟದ (ಡೋಮ್) ಟ್ವೀಟರ್ ಅಳೆದ ಅಭ್ಯಾಸದಲ್ಲಿ ಮೈಕನ್ನು 30 ಸೆ.ಮೀಗೆ ತಂದರೆ ಪೊರೆಯ ನಡುವಿನಿಂದ ಮತ್ತು ತುದಿಯಿಂದ ಬರುವ ದಾರಿಗಳ ನಡುವೆ 7 ಮಿ.ಮೀ ಅಂತರ. 20 ಕಿಲೋಹರ್ಟ್ಸ್‌ನ ಅರ್ಧ ತರಂಗ 8.6 ಮಿ.ಮೀ. ಅಂದರೆ ತುದಿಗಳು ನಡುವನ್ನು ಕಡಿಯುತ್ತವೆ, ಗ್ರಾಫ್‌ನಲ್ಲಿ ಮೇಲಿನ ಆಕ್ಟೇವ್ ಜಾರಿದಂತೆ ಕಾಣುತ್ತದೆ, ಅದನ್ನು ನಂಬಿ ಟ್ರೆಬಲ್ ಎತ್ತಿದರೆ ಕೇಳುವ ಜಾಗದಲ್ಲಿ ಕಿವಿ ಕೀಳುತ್ತದೆ. 2 ಮೀಟರ್‌ನಲ್ಲಿ ಆ ಅಂತರ 1 ಮಿ.ಮೀ. ಮೈಕ್ ಮತ್ತು ಟ್ವೀಟರ್ ಎರಡೂ 1.2 ಮೀಟರ್ ಎತ್ತರದಲ್ಲಿದ್ದರೆ ನೆಲದ ಪ್ರತಿಫಲನ 3.3 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಟ್ರೆಬಲ್ ಅಳೆಯಲು ಅಷ್ಟು ಗೇಟ್ (ಪ್ರತಿಫಲನ ಬರುವ ಮೊದಲೇ ಅಳತೆ ಕಡಿಯುವ ಅವಧಿ) ಧಾರಾಳ ಸಾಕು. ಎತ್ತರವನ್ನು ಲೇಸರ್ ಲೆವೆಲ್‌ನಿಂದ ಹೊಂದಿಸಿ, ಕಣ್ಣಂದಾಜು ಬೇಡ.

ಪೆಟ್ಟಿಗೆಯನ್ನು ಹಿಂದಕ್ಕೆ ವಾಲಿಸುವುದು ಎಲ್ಲರೂ ಕೊಡುವ ಸಲಹೆ. ಕಿರಣ ಬೇರೆ ಎತ್ತರಕ್ಕೆ ಹೋಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಈಕ್ವಲೈಜರ್‌ಗೂ ಇದರಲ್ಲಿ ಕೈಯಾಡಿಸಲು ಜಾಗವಿಲ್ಲ, ಒಂದು ಎತ್ತರಕ್ಕೆ ಸರಿ ಮಾಡಿದರೆ ಇನ್ನೊಂದಕ್ಕೆ ತಪ್ಪುತ್ತದೆ. ಬೇಕಾದದ್ದು ಕೆಳಗಿನ ಆವರ್ತನಕ್ಕೆ 130 ಮಿ.ಮೀ, ಮೇಲಿನದ್ದಕ್ಕೆ 70 ಮಿ.ಮೀ ಆಗುವ ಪೊರೆ. ಅದನ್ನು ಫೆಲ್ಟ್ ಮಾಡಿಕೊಡುತ್ತದೆ. 5 ಮಿ.ಮೀ ಉಣ್ಣೆ ಫೆಲ್ಟ್ 2 ಕಿಲೋಹರ್ಟ್ಸ್‌ಗೆ ಇದ್ದೂ ಇಲ್ಲದ ಹಾಗೆ, 15ಕ್ಕೆ ಗಟ್ಟಿ ಪರದೆ.

ಮೇಲೆ 30 ಮಿ.ಮೀ ಮೀಸೆ, ಕೆಳಗೆ 30 ಮಿ.ಮೀ ಗಡ್ಡ, ನಡುವೆ 70 ಮಿ.ಮೀ ಬಯಲು. ನೇರ ಅಂಚು ಕತ್ತರಿಸಿದಾಗ 8ರಿಂದ 11 ಕಿಲೋಹರ್ಟ್ಸ್ ನಡುವೆ ಒಂದೊಂದು ಡಿಬಿಯ ಅಲೆ ಎದ್ದಿತು, ಫೆಲ್ಟ್‌ನ ಅಂಚೇ ಡಿಫ್ರಾಕ್ಷನ್ (ಅಂಚಿಗೆ ತಾಗಿ ಸದ್ದು ಚದುರುವುದು) ಶುರುಮಾಡಿತ್ತು. ಒಳ ಅಂಚಿಗೆ 12 ಮಿ.ಮೀ ಆಳದ 'ವಿ' ಕಚ್ಚು ಹಾಕಿದ ಮೇಲೆ ಅಲೆ ಅರ್ಧಕ್ಕಿಳಿಯಿತು. ಎರಡು ಪದರ ಹಾಕಿದರೆ 5 ಕಿಲೋಹರ್ಟ್ಸ್‌ಅನ್ನೂ ತಿನ್ನತೊಡಗುತ್ತದೆ. ಮಕ್ಕಳ ಕರಕುಶಲಕ್ಕೆ ಬರುವ ಪಾಲಿಯೆಸ್ಟರ್ ಫೆಲ್ಟ್ ಬಣ್ಣಕ್ಕಷ್ಟೇ ಚೆನ್ನ, 15ರಲ್ಲಿ ಒಂದು ಡಿಬಿ ತಡೆಯುವುದೂ ಕಷ್ಟ. ಅಂಟು ಲೋಹದ ಚೌಕಟ್ಟಿಗೆ ಮಾತ್ರ. ಫೆಲ್ಟ್‌ಗೂ ಮಡಿಕೆಗೂ 4 ಮಿ.ಮೀ ಖಾಲಿ ಬಿಡಬೇಕು. ಕತ್ತರಿಸಿದ ಅಂಚಿನ ಎಳೆಗಳನ್ನು ಟೇಪ್ ಒತ್ತಿ ಮೊದಲೇ ಕಿತ್ತುಬಿಡಿ, ಆಮೇಲೆ ಅವು ಒಳಗೆ ಬಿದ್ದರೆ ತೆಗೆಯುವವರಿಲ್ಲ. ಟ್ವೀಟರನ್ನು ಬ್ಯಾಫಲ್‌ನಲ್ಲಿ (ಪೆಟ್ಟಿಗೆಯ ಮುಂದಿನ ಹಲಗೆ) 5 ಮಿ.ಮೀ ಒಳಕ್ಕೆ ಇಳಿಸಿದರೆ ಫೆಲ್ಟ್ ಮುಖಕ್ಕೆ ಸಮವಾಗುತ್ತದೆ, ವೂಫರ್‌ನ ಅಕೌಸ್ಟಿಕ್ ಕೇಂದ್ರದ 22 ಮಿ.ಮೀ ಹಿಂದುಳಿತದಲ್ಲೂ ಅಷ್ಟು ಕಡಿತ.

ಈ ಮೀಸೆ ಕೆಲಸ ಮಾಡಿದ್ದೇ ತಡ, ಮುಂದಿನ ಪ್ರಾಜೆಕ್ಟ್‌ನ ಹುಳು ತಲೆಗೆ ಹೊಕ್ಕಿದೆ. ಎಎಂಟಿ ಕಂಡುಹಿಡಿದ ಓಸ್ಕರ್ ಹೈಲ್ (1930ರ ದಶಕದಲ್ಲೇ ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್ ಕಲ್ಪನೆಗೆ ಪೇಟೆಂಟ್ ಪಡೆದವರೂ ಇವರೇ) ಮಾಡಿದ ದೊಡ್ಡ ಡ್ರೈವರನ್ನು 1970ರ ದಶಕದ ಆರಂಭದಲ್ಲಿ ಇಎಸ್‌ಎಸ್ ಕಂಪನಿ ಮಾರುಕಟ್ಟೆಗೆ ತಂದಿತು. ಹಿಂಬದಿ ತೆರೆದ, ಹಿಂದೆ ಮುಂದೆ ಎರಡೂ ಕಡೆ ಸದ್ದು ಬಿಡುವ ಡೈಪೋಲ್ ಅದು. ಅಂಥದ್ದೊಂದನ್ನು 12 ಇಂಚಿನ ಓಪನ್ ಬ್ಯಾಫಲ್ ವೂಫರ್ ಮೇಲೆ ಕೂರಿಸಿ 1 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿಸಬೇಕು. ಪೆಟ್ಟಿಗೆ ಮಾಡುವ ಗೋಜೇ ಇಲ್ಲ. ಆದರೆ ಮೀಸೆ ಗಡ್ಡ ಹಿಂದೆ ಮುಂದೆ ಎರಡೂ ಕಡೆ ಬೇಕಾಗುತ್ತದೆ.

ಇರಲಿ, ಮರಳಿ ಇದಕ್ಕೆ. ಫೆಲ್ಟ್ ತಿಂದದ್ದನ್ನು ಹಿಂದಿರುಗಿಸಬೇಕು: ಎದುರಿನಲ್ಲಿ 10 ಕಿಲೋಹರ್ಟ್ಸ್‌ಗೆ ಎರಡೂವರೆ ಡಿಬಿ, 15ಕ್ಕೆ ನಾಲ್ಕು. ಇಲ್ಲಿ ಎಎಂಟಿಯ ಹೆಚ್ಚಿನ ಸೆನ್ಸಿಟಿವಿಟಿ (ಅಷ್ಟೇ ವಿದ್ಯುತ್ತಿಗೆ ಹೆಚ್ಚು ಸದ್ದು) ಕೈ ಹಿಡಿಯುತ್ತದೆ. ವೂಫರ್‌ಗೆ ಹೊಂದಿಸಲು ಹೇಗಿದ್ದರೂ 8 ಡಿಬಿ ಸುಡಬೇಕಿತ್ತು. ಎಲ್-ಪ್ಯಾಡ್‌ಗೆ (ಒಂದು ಸರಣಿ, ಒಂದು ಸಮಾಂತರ ರೆಸಿಸ್ಟರ್ ಸೇರಿ ಮಟ್ಟ ಇಳಿಸುವ ಜೋಡಣೆ) ಕೈ ಹಾಕಬೇಡಿ. ಎರಡು ರೆಸಿಸ್ಟರ್‌ನ ಪ್ಯಾಡ್‌ಗೆ ಬೈಪಾಸ್ ಕೆಪಾಸಿಟರ್ ಕಟ್ಟಿದರೆ 20 ಕಿಲೋಹರ್ಟ್ಸ್‌ನಲ್ಲಿ ಆಂಪ್ಲಿಫಯರ್‌ಗೆ 2.3 ಓಮ್ ಆಸುಪಾಸಿನ ಹೊರೆ ಬೀಳುತ್ತದೆ. ಎಎಂಟಿಯ ಇಂಪೀಡೆನ್ಸ್ ಬಹುತೇಕ ಶುದ್ಧ ರೆಸಿಸ್ಟೆನ್ಸ್, ಹಾಗಾಗಿ ಸಮಾಂತರ ರೆಸಿಸ್ಟರ್ ಬೇಕಾಗಿಯೇ ಇಲ್ಲ. ಸರಣಿಯಲ್ಲಿ ಒಂದೇ 6.2 ಓಮ್, ಅದರ ಮೇಲೆ 2.7 ಮೈಕ್ರೋಫ್ಯಾರಡ್ ಪಾಲಿಪ್ರೊಪಿಲೀನ್. ಇಳಿತ 8.1 ಡಿಬಿ, ವಾಪಸ್ಸು 5ರಲ್ಲಿ 0.9, 10ರಲ್ಲಿ 2.5, 15ರಲ್ಲಿ 4 ಡಿಬಿ. 20 ಕಿಲೋಹರ್ಟ್ಸ್‌ನಲ್ಲೂ ಹೊರೆ 5.7 ಓಮ್. ಫಿಲ್ಟರ್ ಈಗ 10 ಓಮ್ ನೋಡುತ್ತಿರುವುದರಿಂದ ಹೈಪಾಸ್‌ನ ಬಿಡಿಭಾಗಗಳ ಮೌಲ್ಯಗಳನ್ನು ವಿಟುಯಿಕ್ಸ್‌ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಮತ್ತೆ ಲೆಕ್ಕ ಹಾಕಬೇಕು, ಹಳೇ ಕಾಯಿಲ್ ಹಾಗೇ ನಡೆಯುವುದಿಲ್ಲ. ಫಲ: 5 ಡಿಗ್ರಿ ಸರಿದಾಗ 15 ಕಿಲೋಹರ್ಟ್ಸ್‌ನ ಇಳಿತ 3.8ರಿಂದ ಒಂದೂವರೆಗೆ ಬಂದಿದೆ.

ಮಾರಾಟಗಾರರ ಬಗ್ಗೆ ನಾಲ್ಕು ಮಾತು ಆಡದಿದ್ದರೆ ಊಟ ಸೇರುವುದಿಲ್ಲ. ನಿಯೋಡಿಮಿಯಮ್ ಆಯಸ್ಕಾಂತದ ಬಾಯಿ ತೆರೆದಿರುವ ವಸ್ತುವನ್ನು ಪುಡಿ ಉದುರುವ ಫೋಮ್‌ನಲ್ಲಿ ಸುತ್ತಿ ಕಳಿಸುವ ಮಹಾನುಭಾವರಿಗೆ ಏನೆನ್ನಬೇಕು? ಒಂದರಲ್ಲಿ 1ರಿಂದ 4 ಕಿಲೋಹರ್ಟ್ಸ್ ನಿಧಾನ ಸ್ವೀಪ್ ಹಾಕಿದಾಗ ಒಂದೇ ಜಾಗದಲ್ಲಿ ಜೇನು ಗುಂಯ್‌ಗುಟ್ಟಿತು, ಇಂಪೀಡೆನ್ಸ್ ಗೆರೆಯಲ್ಲೂ ಅಲ್ಲೇ ಸಣ್ಣ ಸುಕ್ಕು. ಚೌಕಟ್ಟಿನ ಅಂಚಿನಲ್ಲಿದ್ದ ಚೂರನ್ನು ಮೆತ್ತನೆ ಅಂಟುಮುದ್ದೆಯಿಂದ ಎತ್ತಿದ ಮೇಲೆ ಎರಡೂ ಹೋದವು. ಊದುವುದು, ವ್ಯಾಕ್ಯೂಮ್ ಹಿಡಿಯುವುದು ಮಾತ್ರ ಬೇಡ, ಮಡಿಕೆಗಳ ಅಂತರ ಕೆಡುತ್ತದೆ. ಬ್ಯಾಫಲ್ ಕೊರೆಯುವಾಗ ಟ್ವೀಟರ್ ಪಕ್ಕದ ಕೋಣೆಯಲ್ಲಿರಲಿ. ಹಿತ್ತಾಳೆ ಸ್ಕ್ರೂ ಬಳಸಿ, ಕಬ್ಬಿಣದ ಸ್ಕ್ರೂ ಅಥವಾ ಸ್ಕ್ರೂಡ್ರೈವರ್ ಆಯಸ್ಕಾಂತಕ್ಕೆ ಸಿಕ್ಕಿ ಪೊರೆಗೆ ಚುಚ್ಚಿದರೆ ಕಥೆ ಮುಗಿಯಿತು.

'ಮ್ಯಾಚ್ ಮಾಡಿದ ಜೋಡಿ' ಅಂತ ಬಂದ ಎರಡರ ನಡುವೆ ಇಡೀ ಬ್ಯಾಂಡ್‌ನಲ್ಲಿ ಒಂದು ಡಿಬಿ ವ್ಯತ್ಯಾಸ. ಸದ್ಯ, ಆಕಾರ ಒಂದೇ, ಮಟ್ಟ ಮಾತ್ರ ಬೇರೆ. ಸೊರಗಿದ ಕಡೆ 6.2ರ ಬದಲು 5.1 ಓಮ್, ಬೈಪಾಸ್‌ಗೆ 2.7ರ ಬದಲು 3.3 ಮೈಕ್ರೋಫ್ಯಾರಡ್ ಹಾಕಿದರೆ ಟ್ರೆಬಲ್ ಏರುವ ಜಾಗ 9.5 ಕಿಲೋಹರ್ಟ್ಸ್‌ನಲ್ಲೇ ಉಳಿದು ಮಟ್ಟ ಒಂದು ಡಿಬಿ ಮೇಲೇರುತ್ತದೆ. 5.1 ಬಂದಿದೆ. 3.3 ಅಂತ ಬಂದ ಪೊಟ್ಟಣದಲ್ಲಿ 0.33 ಇತ್ತು.