ಮರಳಿ ಬಂದವರು ಬ್ಯಾಂಕಿಗೆ ಹೋಗುವ ದಿನ

ಹೊರದೇಶದಲ್ಲಿ ಹತ್ತು ಹದಿನೈದು ವರ್ಷ ದುಡಿದು ಭಾರತಕ್ಕೆ ಮರಳಿದವರು ಬ್ಯಾಂಕಿನ ಕೌಂಟರಿನಲ್ಲಿ ಹೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: "ಒಂದು ಸೇವಿಂಗ್ಸ್ ಅಕೌಂಟ್ ಓಪನ್ ಮಾಡಬೇಕಿತ್ತು." ಎದುರಿಗೆ ಕೂತವರು ಫಾರಂ ಕೊಡುತ್ತಾರೆ, ಆಧಾರ್ ಕೇಳುತ್ತಾರೆ, ಕಾಗದಪತ್ರ ಸರಿಯಿದ್ದರೆ ಖಾತೆ ನಂಬರೂ ಬರುತ್ತದೆ. ಅಷ್ಟರಲ್ಲಿ ಅನಿವಾಸಿಯಾಗಿದ್ದಾಗಿನ ಹಳೆಯ ಖಾತೆಗಳ ಮಾತೇ ಬಂದಿರುವುದಿಲ್ಲ: ಹೊರಗಿನ ಗಳಿಕೆಯನ್ನು ರೂಪಾಯಿಯಲ್ಲಿಟ್ಟ ಎನ್‌ಆರ್‌ಇ ಖಾತೆ, ಬಾಡಿಗೆಯಂಥ ಇಲ್ಲಿಯ ಆದಾಯ ಬೀಳುವ ಎನ್‌ಆರ್‌ಒ ಖಾತೆ, ಡಾಲರಿನಲ್ಲಿಟ್ಟ ಎಫ್‌ಸಿಎನ್‌ಆರ್ ಠೇವಣಿ. ಹೊಸ ಖಾತೆಯನ್ನು ಯಾವತ್ತು ಬೇಕಾದರೂ ತೆರೆಯಬಹುದು. ಹಳೆಯವನ್ನು ಬದಲಿಸುವಾಗ ಕ್ರಮ ತಪ್ಪಿದರೆ, ಅದರಲ್ಲಿ ಒಂದು ತಪ್ಪನ್ನಂತೂ ಆಮೇಲೆ ತಿದ್ದಲು ಬರುವುದೇ ಇಲ್ಲ. ಅದಕ್ಕೇ ಮಾತು ಹಳೆಯ ಖಾತೆಗಳಿಂದ ಶುರುವಾಗಬೇಕು.

"ಇನ್ನೂ 182 ದಿನ ಆಗಿಲ್ಲ, ಆಮೇಲೆ ತಿಳಿಸಿದರಾಯಿತು" ಎಂದುಕೊಂಡು ತುಂಬ ಜನ ಸುಮ್ಮನಿರುತ್ತಾರೆ. ದಿನ ಎಣಿಸುವ ಆ ಲೆಕ್ಕ ಆದಾಯ ತೆರಿಗೆಯದು. ಬ್ಯಾಂಕ್ ಖಾತೆಗೆ ಅನ್ವಯಿಸುವುದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಬ್ಯಾಂಕಿನವರ ಬಾಯಲ್ಲಿ ಫೆಮಾ. ಅದು ಮುಖ್ಯವಾಗಿ ನೋಡುವುದು ನೀವು ಯಾವ ಉದ್ದೇಶಕ್ಕೆ ಬಂದಿರಿ ಎಂಬುದನ್ನು. ಕೆಲಸಕ್ಕೆ ಸೇರಲು ಬಂದವರು, ಇನ್ನು ಮುಂದೆ ಇಲ್ಲೇ ಇರುವುದೆಂದು ಬಂದವರು ಎನ್‌ಆರ್‌ಇ ಖಾತೆಯನ್ನು ಕೂಡಲೇ ನಿವಾಸಿ ಖಾತೆಯಾಗಿ ಬದಲಿಸಬೇಕು, ಇಲ್ಲವೇ ಹಣವನ್ನು ಆರ್‌ಎಫ್‌ಸಿ ಎಂಬ ವಿದೇಶಿ ಕರೆನ್ಸಿ ಖಾತೆಗೆ ಹಾಕಬೇಕು. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇದಕ್ಕೆ ಆರು ತಿಂಗಳ ಸಮಯವೇನೂ ಇಲ್ಲ. ರಜೆಗೆ ಬಂದವರಿಗೆ, ಮನೆಯಲ್ಲಿ ಯಾರದೋ ಆಪರೇಷನ್ ಎಂದು ಎರಡು ತಿಂಗಳು ಬಂದು ನಿಂತವರಿಗೆ ಈ ಮಾತು ಹೊಂದುವುದಿಲ್ಲ. ಅವರು ಅನಿವಾಸಿಗಳಾಗಿಯೇ ಉಳಿಯುತ್ತಾರೆ. ಫೆಮಾ ಉಲ್ಲಂಘನೆಗೆ ದಂಡ, ಮೊತ್ತ ಗೊತ್ತಿದ್ದರೆ ಅದರ ಮೂರು ಪಟ್ಟಿನವರೆಗೆ, ಲೆಕ್ಕ ಹಾಕಲಾಗದಿದ್ದರೆ 2 ಲಕ್ಷ ರೂಪಾಯಿವರೆಗೆ ಇದೆ.

ದಂಡದ ಭಯಕ್ಕಿಂತ ದಿನನಿತ್ಯ ಕೈ ಕಚ್ಚುವುದು ಬಡ್ಡಿಯ ತೆರಿಗೆ. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಎಂಬುದು ಫೆಮಾ ಪ್ರಕಾರ ನೀವು ಅನಿವಾಸಿಯಾಗಿರುವವರೆಗೆ ಮಾತ್ರ. ಬ್ಯಾಂಕಿಗೆ ತಿಳಿಸದಿದ್ದರೆ ಅವರು ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆಯನ್ನು (ಟಿಡಿಎಸ್) ಹಿಡಿಯುವುದಿಲ್ಲ, ನೋಡುವವರಿಗೆ ಎಲ್ಲ ಸರಿಯಿದ್ದಂತೆಯೇ ಇರುತ್ತದೆ. ತೆರಿಗೆ ಮಾತ್ರ ಬಾಕಿ ಬೆಳೆಯುತ್ತಿರುತ್ತದೆ, ಮುಂದೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಎನ್‌ಆರ್‌ಒ ಖಾತೆಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಮೊದಲ ರೂಪಾಯಿಯಿಂದಲೇ 30 ಪರ್ಸೆಂಟ್ ಮತ್ತು ಅದರ ಮೇಲೆ ಸೆಸ್, ಅಂದರೆ 31.2 ಪರ್ಸೆಂಟ್ ಹಿಡಿಯುತ್ತಲೇ ಹೋಗುತ್ತಾರೆ. ನಿವಾಸಿಯ ಎಫ್‌ಡಿಗಾದರೆ ಮಿತಿ ದಾಟಿದ ಮೇಲೆ 10 ಪರ್ಸೆಂಟ್. ಹೆಚ್ಚುವರಿ ಹಿಡಿದದ್ದನ್ನು ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಅಲ್ಲಿಯವರೆಗೆ ನಿಮ್ಮ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ.

ಇನ್ನು ತಿದ್ದಲಾಗದ ಆ ಒಂದು ತಪ್ಪು. ಆರ್‌ಎಫ್‌ಸಿ ಎಂದರೆ ಮರಳಿ ಬಂದವರಿಗೆಂದೇ ಇರುವ ವಿದೇಶಿ ಕರೆನ್ಸಿ ಖಾತೆ. ಹಣ ಡಾಲರ್, ಪೌಂಡ್, ಯೂರೋಗಳಲ್ಲೇ ಇರುತ್ತದೆ. ಮಗಳ ಓದಿಗೆ ಹೊರಗೆ ಕಳಿಸಬೇಕೆಂದರೂ, ನೀವೇ ಮತ್ತೆ ಹೋಗಬೇಕಾಗಿ ಬಂದರೂ ಇದರಿಂದ ಕಳಿಸಲು ನಿರ್ಬಂಧವಿಲ್ಲ. ನಿವಾಸಿ ಖಾತೆಯ ರೂಪಾಯಿಯನ್ನು ಕಳಿಸಬೇಕಾದರೆ ವರ್ಷಕ್ಕೆ 2,50,000 ಡಾಲರಿನ ಮಿತಿಯೊಳಗೆ, ಅದರ ಫಾರಂ ತುಂಬಿ ಕಳಿಸಬೇಕು. ಎನ್‌ಆರ್‌ಇ, ಎಫ್‌ಸಿಎನ್‌ಆರ್ ಹಣ ಆರ್‌ಎಫ್‌ಸಿಗೆ ಹೋಗಬಹುದಾದದ್ದು ನಿಮ್ಮ ಸ್ಥಾನಮಾನ ಬದಲಾಗುವ ಆ ಘಟ್ಟದಲ್ಲಿ. ಒಮ್ಮೆ ಎನ್‌ಆರ್‌ಇ ಖಾತೆ ನಿವಾಸಿ ಖಾತೆಯಾಯಿತೆಂದರೆ ಅದು ಮಾಮೂಲಿ ರೂಪಾಯಿ, ಅಲ್ಲಿಂದ ಆರ್‌ಎಫ್‌ಸಿಗೆ ದಾರಿಯಿಲ್ಲ. ಎನ್‌ಆರ್‌ಒ ಹಣಕ್ಕಂತೂ ಮೊದಲಿನಿಂದಲೂ ಆ ದಾರಿ ಇಲ್ಲ. ಹೀಗಾಗಿ "ಎಲ್ಲಾ ರೆಸಿಡೆಂಟ್ ಮಾಡಿಬಿಡಿ" ಎಂದು ಒಂದೇ ಅರ್ಜಿಗೆ ಸಹಿ ಹಾಕುವ ಮುಂಚೆ, ಯಾವುದು ಎಲ್ಲಿಗೆ ಎಂದು ಮನೆಯಲ್ಲೇ ಬರೆದುಕೊಂಡು ಹೋಗಿ. ಆರ್‌ಎಫ್‌ಸಿ ಖಾತೆ ಮೊದಲು, ಬದಲಾವಣೆಯ ಅರ್ಜಿ ಆಮೇಲೆ. ಸಣ್ಣ ಶಾಖೆಗಳಲ್ಲಿ ಆರ್‌ಎಫ್‌ಸಿ ತೆರೆದ ಅನುಭವವೇ ಇರುವುದಿಲ್ಲ. "ನಮ್ಮಲ್ಲಿ ಆಗಲ್ಲ" ಎಂದರೆ ವಿದೇಶಿ ವಿನಿಮಯ ವ್ಯವಹಾರ ಮಾಡುವ ಶಾಖೆ ಯಾವುದೆಂದು ಕೇಳಿ ಅಲ್ಲಿಗೇ ಹೋಗಬೇಕು.

ಹಾಗೆಂದು ಎಲ್ಲರೂ ಎಲ್ಲವನ್ನೂ ಆರ್‌ಎಫ್‌ಸಿಗೆ ಸುರಿಯಬೇಕಿಲ್ಲ. ಎನ್‌ಆರ್‌ಇಯಲ್ಲಿರುವುದು ಆಗಲೇ ರೂಪಾಯಿ. ಅದನ್ನು ಆರ್‌ಎಫ್‌ಸಿಗೆ ಹಾಕುವುದೆಂದರೆ ಆ ದಿನದ ದರದಲ್ಲಿ ಡಾಲರ್ ಕೊಂಡಂತೆ, ಬ್ಯಾಂಕಿನ ಮಾರ್ಜಿನ್ ಬೇರೆ. ಎಫ್‌ಸಿಎನ್‌ಆರ್ ಹಾಗಲ್ಲ, ಅದು ಡಾಲರಿನಿಂದ ಡಾಲರಿಗೇ ಹೋಗುತ್ತದೆ, ವಿನಿಮಯದ ನಷ್ಟವಿಲ್ಲ. ಅವಧಿ ಮುಗಿಯುವವರೆಗೆ ಒಪ್ಪಿದ ಬಡ್ಡಿಯಲ್ಲೇ ಅದನ್ನು ಮುಂದುವರಿಸಲೂಬಹುದು. ಎನ್‌ಆರ್‌ಇ ಎಫ್‌ಡಿಯನ್ನು ನಿವಾಸಿ ಎಫ್‌ಡಿಯಾಗಿ ಬದಲಿಸಿದರೂ ಹಳೆಯ ಬಡ್ಡಿ ದರ ಅವಧಿ ಮುಗಿಯುವವರೆಗೆ ನಡೆಯುತ್ತದೆ. ಮುರಿಯಲೇಬೇಕೆಂಬುದು ತಪ್ಪು ತಿಳಿವಳಿಕೆ. ಮುರಿದು ಆರ್‌ಎಫ್‌ಸಿಗೆ ಹಾಕಿದರೆ ದಂಡ ಹಾಕುವಂತಿಲ್ಲ. ಆದರೆ ಠೇವಣಿ ಇಟ್ಟು ಒಂದು ವರ್ಷ ತುಂಬಿರದಿದ್ದರೆ ಒಪ್ಪಿದ ಬಡ್ಡಿ ಸಿಗುವುದಿಲ್ಲ, ಹೆಚ್ಚೆಂದರೆ ಸೇವಿಂಗ್ಸ್ ಖಾತೆಯ ದರ, ಅದೂ ಬ್ಯಾಂಕ್ ಮನಸ್ಸು ಮಾಡಿದರೆ.

ಇಲ್ಲಿ ತೆರಿಗೆಯ ಒಂದು ಅನುಕೂಲವಿದೆ, ಬಹಳ ಜನ ಇದನ್ನು ಕಳೆದುಕೊಳ್ಳುತ್ತಾರೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಮೀರದಂತೆ ಭಾರತದಲ್ಲಿದ್ದವರು, ಬಂದ ಮೇಲೆ ಸ್ವಲ್ಪ ಕಾಲ ತೆರಿಗೆ ಕಾನೂನಿನಲ್ಲಿ ಆರ್‌ಎನ್‌ಒಆರ್ ಆಗಿರುತ್ತಾರೆ. ನಿವಾಸಿ ಹೌದು, ಪೂರ್ಣ ನಿವಾಸಿ ಅಲ್ಲ. ಆ ಅವಧಿಯಲ್ಲಿ ಆರ್‌ಎಫ್‌ಸಿ ಮತ್ತು ಎಫ್‌ಸಿಎನ್‌ಆರ್ ಬಡ್ಡಿಗೆ ತೆರಿಗೆ ಇಲ್ಲ. ಅದೇ ಹಣ ನಿವಾಸಿ ಎಫ್‌ಡಿಯಲ್ಲಿದ್ದರೆ ಮೊದಲ ದಿನದಿಂದ ತೆರಿಗೆ. ಪಾಸ್‌ಪೋರ್ಟಿನ ಮೊಹರುಗಳನ್ನು ನೋಡಿ ವರ್ಷವಾರು ದಿನಗಳ ಪಟ್ಟಿ ಮಾಡಿಟ್ಟುಕೊಂಡರೆ ಈ ಲೆಕ್ಕ ಒಂದು ಸಂಜೆಯ ಕೆಲಸ.

ಇನ್ನು ಕಾಗದಪತ್ರ. ಇದರಲ್ಲಿ ಒಂದಕ್ಕೊಂದು ಕೊಂಡಿ ಇದೆ: ಮೊಬೈಲ್ ಇಲ್ಲದೆ ಆಧಾರ್ ಓಟಿಪಿ ಇಲ್ಲ, ಆಧಾರ್ ಇಲ್ಲದೆ ಪ್ಯಾನ್ ಸರಿಯಾಗುವುದಿಲ್ಲ, ಪ್ಯಾನ್ ಸರಿಯಿಲ್ಲದೆ ಖಾತೆ ಮುಂದೆ ಹೋಗುವುದಿಲ್ಲ. ಹೊರಗೆ ಹೋಗುವಾಗ ಬಿಟ್ಟು ಹೋದ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿರುತ್ತದೆ. ಬಂದ್ ಆದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಅಂದರೆ ನಿಮ್ಮ ಆಧಾರ್, ಹಳೆಯ ಬ್ಯಾಂಕ್ ಖಾತೆ ಎರಡರ ಓಟಿಪಿಯೂ ಗುರುತಿಲ್ಲದವರೊಬ್ಬರ ಫೋನಿಗೆ ಹೋಗುತ್ತಿರಬಹುದು. ಆದ್ದರಿಂದ ಮೊದಲ ವಾರದಲ್ಲೇ ಹೊಸ ಸಿಮ್, ಮರುದಿನವೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮೊಬೈಲ್ ನಂಬರ್ ಬದಲಾವಣೆ, ಹಾಗೇ ವಿಳಾಸ. ಆಧಾರ್ ಮಾಡಿಸಿಯೇ ಇರದಿದ್ದರೆ, ಭಾರತದ ಪಾಸ್‌ಪೋರ್ಟ್ ಇರುವವರು 182 ದಿನ ಕಾಯಬೇಕಿಲ್ಲ, ಬಂದ ಕೂಡಲೇ ಅರ್ಜಿ ಹಾಕಬಹುದು. ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ಅಂದರೆ ಓಸಿಐ ಕಾರ್ಡಿನವರು, ಮಾತ್ರ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದಿರಬೇಕು.

ಪ್ಯಾನ್ ಕೈಯಲ್ಲಿದೆ ಎಂದರೆ ಸಾಲದು, ಜೀವಂತ ಇದೆಯೇ ನೋಡಬೇಕು. ಆಧಾರ್ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾದವು. ಅನಿವಾಸಿಗಳಿಗೆ ವಿನಾಯಿತಿ ಇತ್ತು, ಆದರೆ ತೆರಿಗೆ ಇಲಾಖೆಯ ದಾಖಲೆಯಲ್ಲಿ ತಾವು ಅನಿವಾಸಿ ಎಂದು ತಿದ್ದಿಸದೇ ಇದ್ದವರ ಪ್ಯಾನೂ ಅದರಲ್ಲಿ ಹೋಯಿತು. ಆದಾಯ ತೆರಿಗೆ ಪೋರ್ಟಲಿನಲ್ಲಿ ಪ್ಯಾನ್ ಸ್ಥಿತಿ ನೋಡಲು ಲಾಗಿನ್ ಬೇಕಿಲ್ಲ. ನಿಷ್ಕ್ರಿಯವಾಗಿದ್ದರೆ 1,000 ರೂಪಾಯಿ ಕಟ್ಟಿ ಆಧಾರ್ ಜೋಡಿಸಬೇಕು, ಮತ್ತೆ ಚಾಲ್ತಿಗೆ ಬರಲು 30 ದಿನದವರೆಗೆ ಹಿಡಿಯಬಹುದು. ಬ್ಯಾಂಕಿಗೆ ಹೋದ ದಿನ ಇದು ಗೊತ್ತಾದರೆ ಒಂದು ತಿಂಗಳು ಹೋಯಿತೆಂದೇ ಲೆಕ್ಕ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇನಿಷಿಯಲ್. ಹಳೆಯ ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಕೆ. ಆರ್., ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು, ಆಧಾರಿನಲ್ಲಿ ಹೆಸರಿನ ಹಿಂದೆ ಕೆ ಆರ್, ಪ್ಯಾನಿನಲ್ಲಿ ತಂದೆಯ ಹೆಸರೇ ಸರ್‌ನೇಮ್. ನಾಲ್ಕೂ ಒಬ್ಬರೇ ಎಂದು ಕಣ್ಣಿಗೆ ಕಂಡರೂ ಕಂಪ್ಯೂಟರ್ ಒಪ್ಪುವುದಿಲ್ಲ. ಪ್ಯಾನ್ ಮತ್ತು ಆಧಾರ್ ಎರಡನ್ನು ಪಾಸ್‌ಪೋರ್ಟಿನಲ್ಲಿರುವಂತೆ ಮಾಡಿಸಿಕೊಂಡರೆ ಮುಂದಿನ ಎಲ್ಲ ಕೆಲಸ ಹಗುರ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆಯನ್ನು ಜೊತೆಗಿಟ್ಟರೆ ಹಳೆಯ ಹೆಸರಿನ ದಾಖಲೆಯೂ ನಡೆಯುತ್ತದೆ.

ಪಾಸ್‌ಪೋರ್ಟಿನ ಕೊನೆಯ ಪುಟವನ್ನೂ ಒಮ್ಮೆ ತೆರೆದು ನೋಡಿ. ಹೊರದೇಶದ ದೂತಾವಾಸದಲ್ಲಿ ನವೀಕರಿಸಿದ್ದರೆ ಅಲ್ಲಿ ಆ ದೇಶದ ವಿಳಾಸವೇ ಇರಬಹುದು. ಗುರುತಿಗೆ ಅದು ಸಾಕು, ಇಲ್ಲಿಯ ವಿಳಾಸಕ್ಕೆ ಆಗುವುದಿಲ್ಲ. ಆಗ ಎರಡು ತಿಂಗಳೊಳಗಿನ ಕರೆಂಟ್ ಬಿಲ್, ನೀರಿನ ಬಿಲ್, ಪೋಸ್ಟ್‌ಪೇಯ್ಡ್ ಫೋನ್ ಬಿಲ್ ಅಥವಾ ಕಂದಾಯದ ರಸೀದಿ ನಿಮ್ಮ ಹೆಸರಿನಲ್ಲಿದ್ದರೆ ತಾತ್ಕಾಲಿಕವಾಗಿ ನಡೆಯುತ್ತದೆ. ಮೂರು ತಿಂಗಳೊಳಗೆ ಈಗಿನ ವಿಳಾಸವಿರುವ ಅಧಿಕೃತ ದಾಖಲೆ ಕೊಡಬೇಕು. ಆಧಾರ್ ಇ-ಕೆವೈಸಿಯಲ್ಲಿ (ಕೆವೈಸಿ ಎಂದರೆ ಬ್ಯಾಂಕ್ ನಿಮ್ಮ ಗುರುತು, ವಿಳಾಸ ಖಚಿತಪಡಿಸಿಕೊಳ್ಳುವ ಕ್ರಮ) ಖಾತೆ ತೆರೆಯುವವರಿಗೆ ಇದಕ್ಕಿಂತ ಸುಲಭ: ಆಧಾರಿನಲ್ಲಿ ಬೇರೆ ವಿಳಾಸವಿದ್ದರೂ ಈಗಿನ ವಿಳಾಸಕ್ಕೆ ನಿಮ್ಮದೇ ಘೋಷಣೆ ಬರೆದುಕೊಟ್ಟರೆ ಸಾಕು. ಈ ನಿಯಮ ಕೌಂಟರಿನಲ್ಲಿ ಎಲ್ಲರಿಗೂ ನೆನಪಿರುವುದಿಲ್ಲ, ಮೆತ್ತಗೆ ನೆನಪಿಸಿ.

ಮೊಬೈಲಿನಲ್ಲೇ ಐದು ನಿಮಿಷಕ್ಕೆ ತೆರೆಯುವ ಖಾತೆಗೆ ಮನಸೋಲುವವರು ಒಂದು ವಿಷಯ ತಿಳಿದಿರಬೇಕು. ಬರೀ ಆಧಾರ್ ಓಟಿಪಿಯಿಂದ ತೆರೆದ ಖಾತೆಗಳಲ್ಲಿ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಹಣ ಇರುವಂತಿಲ್ಲ, ವರ್ಷಕ್ಕೆ 2 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ವರ್ಷದೊಳಗೆ ಪೂರ್ಣ ಕೆವೈಸಿ ಆಗದಿದ್ದರೆ ಮುಚ್ಚುತ್ತದೆ. ಹೊರಗಿನ ಉಳಿತಾಯ ತರಿಸಿಕೊಳ್ಳಲು ಇದು ಬರುವುದಿಲ್ಲ. ವಿಡಿಯೊ ಕೆವೈಸಿ ಆಗಬಹುದು, ಅದಕ್ಕೆ ಭಾರತದೊಳಗೇ ಇರಬೇಕು, ಪ್ಯಾನ್ ಜೊತೆಯಲ್ಲಿರಬೇಕು. ವಿಮಾನ ಹತ್ತುವ ಮುಂಚೆ ಅಲ್ಲಿಂದಲೇ ಮುಗಿಸುತ್ತೇನೆಂದರೆ ಆಗದು.

ಫಾರಂನಲ್ಲಿ ಬೇರೆ ದೇಶದ ತೆರಿಗೆ ಬಗ್ಗೆ ಕೇಳುವ ಪುಟವನ್ನು "ಇಲ್ಲ, ಇಲ್ಲ" ಎಂದು ಟಿಕ್ ಮಾಡುತ್ತ ಹೋಗಬೇಡಿ. ಅಮೆರಿಕದ ಪೌರತ್ವವೋ ಗ್ರೀನ್ ಕಾರ್ಡೋ ಇದ್ದರೆ ನೀವು ಇಲ್ಲಿದ್ದರೂ ಅಲ್ಲಿಯ ತೆರಿಗೆದಾರರೇ, ಸೋಷಿಯಲ್ ಸೆಕ್ಯುರಿಟಿ ನಂಬರ್ ಬರೆಯಬೇಕು. ಅಂಥವರು ಇಲ್ಲಿಯ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅಲ್ಲಿಗೆ ವರದಿ ಸಲ್ಲಿಸಬೇಕಾಗುತ್ತದೆ. ಅಲ್ಲಿ ಹುಟ್ಟಿದ ಮಗುವಿನ ಹೆಸರಿನಲ್ಲಿ ಖಾತೆ ತೆರೆಯುವಾಗಲೂ ಇದೇ ಪುಟ ಬರುತ್ತದೆ.

ಸಹಿಯದು ಬೇರೆಯೇ ಪಾಡು. ಹದಿನೈದು ವರ್ಷದ ಹಿಂದಿನ ಸಹಿಯಲ್ಲಿ ಪೂರ್ತಿ ಹೆಸರು, ಕೆಳಗೊಂದು ಗೆರೆ, ಎರಡು ಚುಕ್ಕೆ. ಈಗ ಬರುವುದು ಒಂದು ಸುತ್ತು ಮತ್ತು ಎಳೆತ. ಪರದೆಯ ಮೇಲಿನ ಹಳೆಯ ಸಹಿಗೂ ಅರ್ಜಿಯ ಮೇಲಿನದಕ್ಕೂ ತಾಳೆಯಾಗದೆ ಅರ್ಜಿ ವಾಪಸ್ ಬರುತ್ತದೆ. ಹಳೆಯ ಪಾಸ್‌ಪೋರ್ಟಿನಲ್ಲಿ ಆ ಸಹಿ ಇದ್ದರೆ ತೆಗೆದುಕೊಂಡು ಹೋಗಿ, ಸಹಿ ಬದಲಾವಣೆಯ ಅರ್ಜಿಯನ್ನೇ ಮೊದಲು ಕೊಡಿ.

ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗಿರುತ್ತದೆ. ಹೊಸದಾಗಿ ಕೆವೈಸಿ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ, ಅದಕ್ಕೆ ಶುಲ್ಕ ಕೇಳುವಂತಿಲ್ಲ. ಬ್ಯಾಂಕೇ ಇಲ್ಲವಾಗಿದ್ದರೂ ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಣ ಅಲ್ಲೇ ಇದೆ, ಹಳೆಯ ಐಎಫ್‌ಎಸ್‌ಸಿ ಕೋಡ್ ಮತ್ತು ಚೆಕ್ ಪುಸ್ತಕ ಮಾತ್ರ ನಡೆಯುವುದಿಲ್ಲ. ಹೊರದೇಶದ ಬ್ಯಾಂಕಿನಲ್ಲಿ ಉಳಿಸಿಟ್ಟ ವಿವರದಲ್ಲಿ ಹಳೆಯ ಕೋಡ್ ಇದ್ದರೆ ಹಣ ಕಳಿಸುವ ಮುಂಚೆ ತಿದ್ದಿ. ಅಲ್ಲಿಯ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ. ಅನಿವಾಸಿಯಾಗಿದ್ದಾಗ ಗಳಿಸಿದ್ದನ್ನು ಹೊರಗೇ ಇಟ್ಟುಕೊಳ್ಳಲು ಫೆಮಾ ಅವಕಾಶ ಕೊಟ್ಟಿದೆ, ತೆರಿಗೆ ರೀಫಂಡ್, ಕೊನೆಯ ಸಂಬಳ ಬರುವುದೂ ಅಲ್ಲಿಗೇ.

ಕೈಯಲ್ಲಿ ನೋಟು ತಂದಿದ್ದರೆ, 5,000 ಡಾಲರ್ ಮೀರಿದ್ದಲ್ಲಿ ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್‌ಗೆ ಘೋಷಿಸಿ ಆ ಫಾರಂ ಇಟ್ಟುಕೊಂಡಿರಬೇಕು. ಬ್ಯಾಂಕ್ ಅದನ್ನು ಕೇಳುತ್ತದೆ. 2,000 ಡಾಲರ್‌ವರೆಗಿನ ನೋಟು ಮನೆಯಲ್ಲಿರಬಹುದು, ಉಳಿದದ್ದನ್ನು 180 ದಿನದೊಳಗೆ ಬದಲಾಯಿಸಬೇಕು ಅಥವಾ ಖಾತೆಗೆ ಹಾಕಬೇಕು.

ಬದಲಾವಣೆಯ ಅರ್ಜಿ ಕೊಡುವಾಗ ಕೇಳಬೇಕಾದ್ದು: ಖಾತೆ ನಂಬರ್ ಇದೇ ಉಳಿಯುತ್ತದೆಯೇ? ಕೆಲವು ಬ್ಯಾಂಕುಗಳಲ್ಲಿ ಹೊಸ ನಂಬರ್ ಬರುತ್ತದೆ. ಹಾಗಾದರೆ ಮನೆ ಸಾಲದ ಕಂತು, ವಿಮೆಯ ಪ್ರೀಮಿಯಂ, ಮ್ಯೂಚುವಲ್ ಫಂಡಿನ ಎಸ್‌ಐಪಿ ಎಲ್ಲದರ ಮ್ಯಾಂಡೇಟ್, ಅಂದರೆ ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಕೊಡುವ ಒಪ್ಪಿಗೆ, ಹೊಸದಾಗಿ ಕೊಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ಕಂತು ಬೌನ್ಸ್ ಆಗುತ್ತದೆ. ನಾಮಿನಿಯನ್ನೂ ಅದೇ ದಿನ ಬರೆಸಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ, ಯಾರಿಗೆ ಎಷ್ಟು ಪಾಲು ಎಂದು ನಮೂದಿಸಿ ಹೆಸರಿಸಬಹುದು.

ಅರ್ಜಿಯಲ್ಲಿ "ಇಂಥ ದಿನಾಂಕದಿಂದ ಭಾರತದಲ್ಲಿ ನೆಲೆಸಲು ಮರಳಿದ್ದೇನೆ" ಎಂಬ ಸಾಲು ಇರಲಿ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಖೆಯ ಮೊಹರು, ಸ್ವೀಕರಿಸಿದವರ ಸಹಿ, ತಾರೀಖು ಹಾಕಿಸಿಕೊಂಡೇ ಕುರ್ಚಿಯಿಂದ ಏಳಿ. ಮುಂದಿನ ವರ್ಷ ರಿಟರ್ನ್ ತುಂಬುವಾಗ ಎನ್‌ಆರ್‌ಇ ಬಡ್ಡಿಯನ್ನು ಮರಳಿದ ದಿನದ ಹಿಂದೆ ಎಷ್ಟು, ಮುಂದೆ ಎಷ್ಟು ಎಂದು ಒಡೆದು ತೋರಿಸಬೇಕಾಗುತ್ತದೆ. ಆಗ ಆಡಿಟರ್ ಮೊದಲು ಕೇಳುವುದು ಆ ಕಾಗದವನ್ನೇ.